ಮೂರನೇ ಸಾಲಿನ ದಫೇದಾರರು

ದಫೇದಾರ್ ತಿಪ್ಪೇಶಪ್ಪನವರು ಸೈನ್ಯದ ಕುದುರೆ ದಳದಲ್ಲಿ ಪ್ರಾಯವನ್ನೆಲ್ಲ ಕಳೆದು, ಎಪ್ಪತ್ತೆರಡನೇ ಇಸವಿಯಲ್ಲಿ ನ್ಯಾಮತಿಗೆ ವಾಪಸು ಬಂದರು. ಬಂದರು, ಆದರೆ ನೆಲೆ ನಿಂತರು ಎನ್ನಲು ಬರುವುದಿಲ್ಲ. ಬೆಳಿಗ್ಗೆ ಎದ್ದರೆ ಹೊಲದ ಬದು, ಅಲ್ಲಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಸಂತೆ ಮೈದಾನ. ಮನೆಗೆ ಬಂದು ಒಂದು ಲೋಟ ಚಹಾ ಮುಗಿಸುವುದರೊಳಗೆ ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ. ಕೂತರೂ ಮಂಚದ ಅಂಚಿನಲ್ಲಿ, ಯಾರೋ ಈಗ ಹೆಸರು ಹಿಡಿದು ಕೂಗುತ್ತಾರೆ ಎಂಬಂತೆ ಕೂರುತ್ತಿದ್ದರು.

"ಒಂದ್ ಗಳಿಗೆ ಕುಂದ್ರಾಕೆ ಆಗಲ್ವೇನ್ರೀ ನಿಮಗೆ?" ಎಂದು ಹೆಂಡತಿ ಗಾದ್ರಮ್ಮ ಕೇಳಿದರೆ, "ಕುಂತ್ರೆ ಮೈ ಹಿಡ್ಕಂತೈತೆ ಕಣೆ" ಎನ್ನುತ್ತಿದ್ದರು.

ಆ ಚಡಪಡಿಕೆಗೆ ಒಂದು ದಾರಿ ಸಿಕ್ಕಿದ್ದು ಕುದುರೆ ಪಂದ್ಯದಿಂದ. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲ ಕಡೆಯೂ ಜಟಕಾಗಳು ಓಡುತ್ತಿದ್ದವು. ಜಟಕಾದವರೂ ಶೋಕಿಗೆ ಕುದುರೆ ಸಾಕಿದ್ದ ಕೆಲವು ಗೌಡರೂ ಸೇರಿ ಒಂದು ಸಮಿತಿ ಮಾಡಿಕೊಂಡು, ಸುಗ್ಗಿ ಮುಗಿದ ಮೇಲೆ ನಾಲ್ಕೂ ಊರಲ್ಲಿ ಒಂದೊಂದು ಪಂದ್ಯ ನಡೆಸುತ್ತಿದ್ದರು. ಅದು ಓಟದ ಪಂದ್ಯವಲ್ಲ, ನಡೆಯ ಪಂದ್ಯ. ಸುಣ್ಣದ ಗೆರೆ ಎಳೆದ ಚೌಕದೊಳಗೆ ಸವಾರ ತನ್ನ ಕುದುರೆಯನ್ನು ನೆಟ್ಟಗೆ ನಡೆಸಬೇಕು, ಹದವಾಗಿ ಓಡಿಸಬೇಕು, ದುಂಡಗೆ ಸುತ್ತು ಹಾಕಿಸಬೇಕು, ಕಲ್ಲಿನಂತೆ ನಿಲ್ಲಿಸಬೇಕು, ಹಿಂದಕ್ಕೆ ಹೆಜ್ಜೆ ಇಡಿಸಬೇಕು, ಕೊನೆಗೆ ತಮಟೆಗೆ ಕುಣಿಸಬೇಕು. ಒಂದೊಂದಕ್ಕೂ ಹತ್ತರಲ್ಲಿ ಇಷ್ಟು ಎಂದು ಮೂವರು ತೀರ್ಪುಗಾರರು ಅಂಕ ಹಾಕುತ್ತಿದ್ದರು. ಒಬ್ಬರು ಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು. ಇನ್ನೊಬ್ಬರು ದನದ ಡಾಕ್ಟರು. ಈಗ ಹೊನ್ನಾಳಿಯಲ್ಲಿದ್ದರೂ ಹಿಂದೆ ಜಗಳೂರಿನ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದವರು. ಮೂರನೆಯವರೇ ನಮ್ಮ ದಫೇದಾರರು.

ಮೊದಲೆಲ್ಲ ಅಂಕವನ್ನು ಚೀಟಿಯಲ್ಲಿ ಬರೆದು ಮಡಿಸಿ ಕೊಡುವ ಪದ್ಧತಿ. ಸಂಜೆ ಎಲ್ಲ ಕೂಡಿಸಿ ಗೆದ್ದವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಯಾರು ಎಷ್ಟು ಹಾಕಿದರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ತೀರ್ಪುಗಾರರಿಗೂ ಸಹ. ತಾನು ಕಂಡದ್ದನ್ನೇ ಇನ್ನಿಬ್ಬರೂ ಕಾಣುತ್ತಾರೆ ಎಂದು ತಿಪ್ಪೇಶಪ್ಪನವರು ಎಷ್ಟೋ ವರ್ಷ ನಂಬಿಕೊಂಡೇ ಇದ್ದರು.

ಎಂಬತ್ತಮೂರರ ಜನವರಿಯಲ್ಲಿ, ಚನ್ನಗಿರಿಯ ಪಂದ್ಯಕ್ಕೆ ಬೋರ್ಡು ಬಂತು.

ಅದನ್ನು ಮಾಡಿದವನು ಅಲ್ಲಿಯ ರೇಡಿಯೋ ಅಂಗಡಿಯ ಶಿವಮೂರ್ತಪ್ಪ. ಬೆಂಗಳೂರಿನ ಯಾವುದೋ ಆಟದ ಮೈದಾನದಲ್ಲಿ ದೀಪದ ಅಂಕಿಗಳನ್ನು ನೋಡಿ ಬಂದವನಿಗೆ ಅದರ ಹುಚ್ಚು ಹತ್ತಿತ್ತು. ಬಾಗಿಲಗಲದ ಎರಡು ಪ್ಲೈವುಡ್ ಹಲಗೆಗೆ ಕಪ್ಪು ಬಣ್ಣ ಬಳಿದು, ಸಣ್ಣ ಸಣ್ಣ ಬಲ್ಬುಗಳಿಂದ ಅಂಕಿ ಮೂಡುವ ಹಾಗೆ ಜೋಡಿಸಿದ್ದ. ಬಿಸಿಲಲ್ಲೂ ಕಾಣಲೆಂದು ಒಂದೊಂದು ಸಾಲಿಗೂ ತಗಡಿನ ಮರೆ. ಹಿಂದುಗಡೆ ಟ್ರಾನ್ಸಿಸ್ಟರು, ವೈರುಗಳ ಗೋಜಲು, ಒಂದು ಲಾರಿ ಬ್ಯಾಟರಿ. ಒಬ್ಬೊಬ್ಬ ತೀರ್ಪುಗಾರರ ಮೇಜಿನ ಮೇಲೂ ಒಂದು ಗುಂಡಿ ಪೆಟ್ಟಿಗೆ. ಕುದುರೆ ಒಂದು ನಡೆ ಮುಗಿಸುತ್ತಿದ್ದಂತೆ ಗುಂಡಿ ಒತ್ತಿದರೆ, ಅಧ್ಯಕ್ಷರದು ಮೊದಲ ಸಾಲಿನಲ್ಲಿ, ಡಾಕ್ಟರದು ಎರಡನೆಯದರಲ್ಲಿ, ದಫೇದಾರರದು ಮೂರನೆಯದರಲ್ಲಿ ಆಗಿಂದಾಗಲೇ ಬೆಳಗುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಒಟ್ಟು ಮೊತ್ತ.

ಮೊದಲ ಕುದುರೆ ನೆಟ್ಟಗೆ ನಡೆದು ನಿಂತಿತು. ಮೊದಲ ಸಾಲಿನಲ್ಲಿ ಎಂಟು, ಎರಡನೇ ಸಾಲಿನಲ್ಲಿ ಏಳು. ಜನ ಹೋ ಎಂದರು. ಮೂರನೇ ಸಾಲಿನಲ್ಲಿ ನಾಲ್ಕು ಹತ್ತಿತು.

"ಮೂರ್ನೇ ಸಾಲಿನ ಬಲ್ಬ್ ಹೋಗೈತೆ ಕಣ್ರಪ್ಪೋ!" ಎಂದು ಯಾರೋ ಕೂಗಿದರು.

ಶಿವಮೂರ್ತಪ್ಪ ಎದೆ ಒಡೆದವನಂತೆ ಓಡಿ ಬಂದು ದಫೇದಾರರ ಮೇಜಿನ ಕೆಳಗೆ ನುಗ್ಗಿ ವೈರು ಎಳೆದು ನೋಡಿದ. ಆಮೇಲೆ ಮೆಲ್ಲಗೆ ತಲೆ ಎತ್ತಿದ.

"ದಫೇದಾರ್ರೇ, ನಾಲ್ಕು ನೀವೇ ಒತ್ತಿದ್ದಾ?"

"ನಾನೇ ಒತ್ತಿದ್ದು. ಹಿಂದಿನ ಕಾಲು ಎಳೀತಿತ್ತು, ನೀನು ನೋಡ್ಲಿಲ್ವಾ?"

"ನಾನು ಬೋರ್ಡ್ ನೋಡ್ತಿದ್ದೆ ಸಾರ್" ಎಂದ ಶಿವಮೂರ್ತಪ್ಪ.

ಆ ದಿನ ಸಂಜೆಯವರೆಗೂ ಹಾಗೆಯೇ ಆಯಿತು. ಮೇಲಿನ ಎರಡು ಸಾಲಿನ ಅಂಕಗಳು ಒಂದರ ಪಕ್ಕ ಒಂದು ನಡೆಯುತ್ತಿದ್ದವು, ಮೂರನೆಯದು ಮಾತ್ರ ಯಾವಾಗಲೂ ಕಮ್ಮಿ. ಪ್ರತಿ ಸಲ ಬೆಳಗಿದಾಗಲೂ ಜನ ನಕ್ಕರು. ತಿಪ್ಪೇಶಪ್ಪನವರಿಗೆ ನಗು ನಾಟಲಿಲ್ಲ, ನಾಟಿದ್ದು ಬೇರೆ. ಇಷ್ಟು ವರ್ಷವೂ ಹೀಗೇ ಇತ್ತೇ? ನಾನು ಇಲ್ಲದ್ದನ್ನು ಕಾಣುತ್ತಿದ್ದೇನೋ, ಇಲ್ಲ ಅವರು ಇದ್ದದ್ದನ್ನು ಕಾಣುತ್ತಿರಲಿಲ್ಲವೋ? ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವರು ನ್ಯಾಮತಿಯವರೆಗೆ ನಿಂತುಕೊಂಡೇ ಬಂದರು.

ಅಲ್ಲಿಂದ ಮುಂದೆ ಮನೆಯಲ್ಲಿ ಅವರ ಉಪದ್ರವ ಹೆಚ್ಚಾಯಿತು. ಬೀದಿಯಲ್ಲಿ ಎತ್ತು ಹೋದರೆ ನಡಿಗೆ ನೋಡುವುದು, ತಾವು ಎಷ್ಟು ಕೊಡುತ್ತಿದ್ದೆವು, ಡಾಕ್ಟರು ಎಷ್ಟು ಕೊಡುತ್ತಿದ್ದರು ಎಂದು ಲೆಕ್ಕ ಹಾಕುವುದು. ಊಟಕ್ಕೆ ಕೂತಾಗ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರೆ ಗಾದ್ರಮ್ಮ, "ನನ್ ರೊಟ್ಟಿಗೂ ನಂಬರ್ ಹಾಕಾಕೆ ಹತ್ತಿದ್ರೇನು? ತಿನ್ರಿ ಸುಮ್ಕೆ" ಎಂದು ಗದರಿದಳು.

ಮುಂದಿನ ತಿಂಗಳು ಹೊನ್ನಾಳಿಯಲ್ಲಿ, ಹೊಳೆಯ ದಂಡೆಯ ಬಯಲಲ್ಲಿ ಪಂದ್ಯ. ತಿಪ್ಪೇಶಪ್ಪನವರು ಅಲ್ಲಿ ಒಂದು ಕೆಲಸ ಮಾಡಿದರು. ಕುದುರೆ ನಡೆ ಮುಗಿಸಿದ ಕೂಡಲೇ ಗುಂಡಿ ಒತ್ತದೆ, ಮೇಲಿನ ಎರಡು ಸಾಲು ಬೆಳಗುವವರೆಗೆ ಕಾದರು. ಎಂಟು, ಏಳು ಬಂತು. ಇವರು ಏಳು ಒತ್ತಿದರು. ಯಾರೂ ನಗಲಿಲ್ಲ. ಮಧ್ಯೆ ಬಿಡುವಿನಲ್ಲಿ ಒಬ್ಬ ಜಟಕಾದವನು ಮಂಡಕ್ಕಿ ಮೆಣಸಿನಕಾಯಿ ತಂದುಕೊಟ್ಟು, "ಇವತ್ತು ದಫೇದಾರ್ರ ಬಲ್ಬ್ ರಿಪೇರಿ ಆಗೈತೆ" ಎಂದ. ದಫೇದಾರರು ಮಂಡಕ್ಕಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟರು.

ಬಿಡುವಾದ ಮೇಲೆ ಒಂದು ವಿಚಿತ್ರ ನಡೆಯಿತು. ಒಂದು ಬಿಳಿ ಕುದುರೆ ಸುತ್ತು ಮುಗಿಸಿ ನಿಂತಿತು. ಬೋರ್ಡು ಕಪ್ಪಗೇ ಇತ್ತು. ದಫೇದಾರರು ಡಾಕ್ಟರ ಸಾಲು ನೋಡುತ್ತಿದ್ದರು. ಡಾಕ್ಟರು ಅಧ್ಯಕ್ಷರ ಸಾಲು ನೋಡುತ್ತಿದ್ದರು. ಅಧ್ಯಕ್ಷರೋ, ಕತ್ತು ಚಾಚಿ ಮೂರನೇ ಸಾಲು ನೋಡುತ್ತಿದ್ದರು. ಅವರಿಬ್ಬರಿಗೂ ಚನ್ನಗಿರಿಯ ದಿನ ನಿದ್ದೆ ಕೆಟ್ಟಿತ್ತೆಂದು, ಸೈನ್ಯದವನ ನಾಲ್ಕೇ ಸರಿ ಇರಬಹುದೆಂದು ಅವರೂ ಅಂಜಿದ್ದರೆಂದು ಆಗ ದಫೇದಾರರಿಗೆ ತಿಳಿಯಿತು. ಕುದುರೆ ತಲೆ ಕೊಡವಿತು. ಸವಾರ ಒಮ್ಮೆ ಬೋರ್ಡು ನೋಡಿದ, ಒಮ್ಮೆ ಮೇಜುಗಳನ್ನು ನೋಡಿದ.

"ತೀರ್ಪುಗಾರರು ದಯಮಾಡಿ ಗುಂಡಿ ಒತ್ತಬೇಕಾಗಿ ವಿನಂತಿ" ಎಂದು ಮೈಕು ಕೂಗಿತು. ಬಯಲೆಲ್ಲ ನಗೆಯಲ್ಲಿ ಮುಳುಗಿತು.

ಪಂದ್ಯ ಮುಗಿದ ಮೇಲೆ ಶಿವಮೂರ್ತಪ್ಪ ಮೂವರನ್ನೂ ಬೋರ್ಡಿನ ಹಿಂದಕ್ಕೆ ಕರೆದ. ಮುಖ ಸಪ್ಪಗಾಗಿತ್ತು. "ನಿಮ್ಮನ್ನ ಹೆದರ್ಸಾಕೆ ನಾನು ಇದನ್ನ ಮಾಡ್ಲಿಲ್ಲ ಸಾರ್. ಇನ್ಮೇಲೆ ಮೂರೂ ಜನ ಒತ್ತೋವರ್ಗೂ ಒಂದು ದೀಪಾನೂ ಹತ್ತದಂಗೆ ಮಾಡ್ತೀನಿ. ನೋಡ್ಕಂಡು ಬರೆಯೋದು ಸ್ಕೂಲಲ್ಲಿ ಆತು" ಎಂದ. ಹೆಡ್‌ಮಾಸ್ಟರು ನೆಲ ನೋಡಿದರು.

ಹಾಗಾಗಿ ನ್ಯಾಮತಿಯ ಪಂದ್ಯದಲ್ಲಿ ದಫೇದಾರರಿಗೆ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. ಕಂಡದ್ದನ್ನು ಒತ್ತಿದರು. ಪಕ್ಕದ ಮನೆಯ ಪಾಪಣ್ಣನ ಕುದುರೆ ಅವರ ಅಂಕದಿಂದಲೇ ಸೋತಿತು. ಮಾರನೆಯ ದಿನ ಬೋರಿಂಗ್ ಹತ್ತಿರ ಪಾಪಣ್ಣನ ಹೆಂಡತಿ ಅಂಜಮ್ಮ, ಗಾದ್ರಮ್ಮನನ್ನು ಕಂಡು ಕೊಡ ಎತ್ತಿಕೊಂಡು ಆ ಕಡೆ ತಿರುಗಿದಳು.

"ಎಲ್ರೂ ಹಾಕ್ದಂಗೆ ಹಾಕಿದ್ರೆ ನಿಮ್ ಗಂಟು ಏನ್ ಹೋಗ್ತಿತ್ತು?" ಎಂದು ಗಾದ್ರಮ್ಮ ಮನೆಗೆ ಬಂದು ಕೇಳಿದಳು.

"ಹೊನ್ನಾಳ್ಯಾಗೆ ಹಾಕಿ ನೋಡಿದೆ. ಅದೂ ಸರಿ ಬರ್ಲಿಲ್ಲ."

"ಹಂಗಾರೆ ಬಿಟ್ಟುಬಿಡ್ರಿ."

ಬಿಡುವುದಕ್ಕೂ ಆಗಲಿಲ್ಲ. ವರ್ಷದ ಕೊನೆಯ ಪಂದ್ಯಕ್ಕೆ ಅವರು ಜಗಳೂರಿಗೆ ಹೊರಟರು.

ಜಗಳೂರಿನ ಬಯಲು ಬಿಸಿಲಿಗೆ ಕಾದು ಹಂಚಾಗಿತ್ತು. ಆ ಊರಿನ ಜಟಕಾ ಗೋಣೆಪ್ಪ ಅವತ್ತು ಮೊದಲ ಸಲ ಪಂದ್ಯಕ್ಕೆ ಬಂದಿದ್ದ. ಮೂವತ್ತೈದು ದಾಟಿದ, ಮಾತು ಕಮ್ಮಿಯ ಮನುಷ್ಯ. ಅವನ ಹೆಣ್ಣುಕುದುರೆಯ ಹೆಸರು ಕೆಂಚಿ. ಅದು ಚೌಕದೊಳಗೆ ಕಾಲಿಟ್ಟದ್ದೇ ತಿಪ್ಪೇಶಪ್ಪನವರ ಹುಬ್ಬು ಗಂಟಾಯಿತು. ಕುದುರೆ ಕತ್ತನ್ನು ಎಡಕ್ಕೆ ವಾಲಿಸಿಕೊಂಡೇ ನಡೆಯುತ್ತಿತ್ತು. ಮೇಲೆ ಕೂತ ಗೋಣೆಪ್ಪ ತುಟಿ ಅಲ್ಲಾಡಿಸುತ್ತ ಏನೋ ಗೊಣಗುತ್ತಲೇ ಇದ್ದ. ಸೈನ್ಯದಲ್ಲಿ ಎರಡೂ ತಪ್ಪು. ಕುದುರೆಯ ಮೂಗು ನೆಟ್ಟಗಿರಬೇಕು, ಸವಾರನ ಬಾಯಿ ಮುಚ್ಚಿರಬೇಕು.

ಅವರು ಮೂರು ಒತ್ತಿದರು. ಬೋರ್ಡಿನಲ್ಲಿ ಎಂಟು, ಒಂಬತ್ತು, ಮೂರು ಒಟ್ಟಿಗೇ ಹತ್ತಿದವು. ಸುತ್ತಿಗೂ ಮೂರು, ಹಿಂದಕ್ಕೆ ಇಟ್ಟ ಹೆಜ್ಜೆಗೂ ಮೂರು. ತಮ್ಮ ಊರಿನವನಿಗೆ ಹೀಗಾದುದನ್ನು ಕಂಡು ಜಗಳೂರಿನವರು ಸಿಳ್ಳೆ ಹಾಕಿದರು, ಬೈದರು, ಒಬ್ಬ ಟವಲ್ ಬೀಸಿ ಮೂರನೇ ಮೇಜಿನ ಕಡೆ ತೋರಿಸಿದ. ಆಶ್ಚರ್ಯವೆಂದರೆ ದಫೇದಾರರಿಗೆ ಅವತ್ತು ಏನೂ ಅನ್ನಿಸಲಿಲ್ಲ. ಚನ್ನಗಿರಿಯಿಂದ ಶುರುವಾದ ತಳಮಳ ಆ ಮಧ್ಯಾಹ್ನ ತಟ್ಟನೆ ನಿಂತುಹೋಗಿತ್ತು. ಡೊಂಕು ಕತ್ತು ಎಲ್ಲರ ಕಣ್ಣಿಗೂ ಕಾಣುತ್ತಿರುವಾಗ ಅನುಮಾನವೇನು ಬಂತು? ಮಿಕ್ಕ ಇಬ್ಬರಿಗೆ ಊರವರ ಅಂಜಿಕೆ ಎಂದುಕೊಂಡರು.

ಗೋಣೆಪ್ಪ ಸೋತ. ಗೆದ್ದವರಿಗೆ ಕೊಡುವ ಕಪ್ ಚನ್ನಗಿರಿಯ ಒಬ್ಬನ ಪಾಲಾಗುವುದೆಂದು ಬೋರ್ಡಿನ ಮೊತ್ತವೇ ಹೇಳುತ್ತಿತ್ತು. ಬಹುಮಾನದ ಮೇಜು ಸಿದ್ಧವಾಗುವ ಹೊತ್ತಿಗೆ ದಫೇದಾರರು ಕುದುರೆ ಕಟ್ಟಿದ್ದ ಬೇವಿನ ಮರದ ಕಡೆ ನಡೆದರು. ಕಡಿವಾಣ ಬಿಗಿಯಾಗಿ ಕತ್ತು ವಾಲಿರಬಹುದು, ಒಂದು ಮಾತು ಹೇಳಿಬಿಡೋಣ ಎಂಬುದು ಅವರ ಎಣಿಕೆ. ಕೆಂಚಿಯ ಎಡಗಡೆ ನಿಂತು ಕೆನ್ನೆಯ ಪಟ್ಟಿಗೆ ಕೈ ಚಾಚಿದರು. ಕುದುರೆ ರೆಪ್ಪೆ ಮಿಟುಕಿಸಲಿಲ್ಲ. ಕಣ್ಣಿನ ಮುಂದೆಯೇ ಕೈ ಆಡಿಸಿದರು. ಇಲ್ಲ. ಆ ಕಣ್ಣಿನ ಮೇಲೆ ನೀಲಿ ಪೊರೆ ಕವಿದಿತ್ತು. ಕಾಣುವ ಬಲಗಣ್ಣನ್ನು ಮುಂದಕ್ಕೆ ತರಲೆಂದೇ ಅದು ಕತ್ತು ವಾಲಿಸುತ್ತಿತ್ತು.

"ಎಡಕ್ಕೆ ಮನ್ಷ ಅದಾನೆ ತಾಯಿ, ಹೆದರಬ್ಯಾಡ" ಎಂದಿತು ಹಿಂದಿನಿಂದ ಒಂದು ದನಿ. ಗೋಣೆಪ್ಪ ಹುಲ್ಲು ಹಿಡಿದು ನಿಂತಿದ್ದ. ಚೌಕದೊಳಗೆ ಅವನು ಗೊಣಗುತ್ತಿದ್ದುದು ಏನೆಂದು ಆಗ ಹೊಳೆಯಿತು.

"ಎಷ್ಟ್ ದಿನ ಆತು?"

"ಮೂರು ವರ್ಷ. ಮುಳ್ಳು ಹೊಡೀತು. ನಿಮ್ ಡಾಕ್ಟ್ರು ಆಗ ಇಲ್ಲೇ ಇದ್ರಲ್ಲ, ಅವ್ರೇ ನೋಡಿದ್ರು."

"ಮೊದ್ಲೇ ಯಾಕೆ ಹೇಳ್ಲಿಲ್ಲಪ್ಪ ನೀನು?"

"ಏನಂತ ಹೇಳ್ಲಿ? ನಮ್ ಕುದ್ರೆ ಕುರುಡಿ, ಒಂದೆರ್ಡು ಜಾಸ್ತಿ ಹಾಕ್ರಿ ಅಂತ್ಲಾ?" ಎಂದು ಗೋಣೆಪ್ಪ ಹುಲ್ಲು ಉದುರಿಸಿ ಅತ್ತ ತಿರುಗಿದ.

ದಫೇದಾರರ ಕಾಲು ನಿಲ್ಲದಾಯಿತು. ನೇರ ಶಿವಮೂರ್ತಪ್ಪನ ಹತ್ತಿರ ಬಂದು, "ನನ್ ನಂಬರು ಬದಲಾಯ್ಸು" ಎಂದರು.

"ಹೆಂಗ್ ಬದಲಾಯ್ಸಲಿ ಸಾರ್? ಹತ್ತಿದ್ದು ಹತ್ತಿ ಆತು, ಊರೆಲ್ಲ ನೋಡಿ ಆತು. ಇವತ್ತು ನಿಮಗೆ ಬದಲಾಯ್ಸಿದ್ರೆ ನಾಳೆ ಬೋರ್ಡ್ ಯಾರು ನಂಬ್ತಾರೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಸುಮ್ಮನಿರುವುದು ಇವರ ಜಾಯಮಾನವಲ್ಲ. ವೇದಿಕೆ ಹತ್ತಿ, ಮೈಕಿನವನ ಕೈಯಿಂದ ಮೈಕು ತೆಗೆದುಕೊಂಡರು.

"ಜಗಳೂರಿನ ಜನಕ್ಕೆ ನಮಸ್ಕಾರ. ಮೂರ್ನೇ ಸಾಲು ನಂದು. ಗೋಣೆಪ್ಪನ ಕುದ್ರೆಗೆ ಎಡಗಣ್ಣು ಕಾಣಲ್ಲ. ನನಗೆ ಗೊತ್ತಿರ್ಲಿಲ್ಲ. ಒಂದೇ ಕಣ್ಣಾಗೆ ಅದು ಅಷ್ಟೆಲ್ಲಾ ಮಾಡೈತೆ, ನಾನು ಮೂರು ಹಾಕಿ ತಪ್ಪು ಮಾಡಿದೆ."

ಬಯಲೆಲ್ಲ ಚಪ್ಪಾಳೆ ಬಿತ್ತು. ಟವಲ್ ಬೀಸಿದ್ದವನೂ ಕೈ ತಟ್ಟಿದ. ದಫೇದಾರರು ಹಗುರಾಗಿ ಮೆಟ್ಟಿಲು ಇಳಿದರು. ಕೆಳಗೆ ಗೋಣೆಪ್ಪ ನಿಂತಿದ್ದ.

"ಯಾರ್ರೀ ಕೇಳಿದ್ರು ನಿಮ್ಮನ್ನ?"

"ಅಲ್ಲಪ್ಪ, ತಪ್ಪು ನಂದು ಅಂತ ನಾನೇ..."

"ತಪ್ಪು ನಿಮ್ದು. ಹೊಟ್ಟೆ ನಂದು. ಈ ಮೂರು ವರ್ಷ ಡಾಕ್ಟ್ರು ಒಬ್ರಿಗೆ ಬಿಟ್ರೆ ಯಾರಿಗೂ ಗೊತ್ತಿರ್ಲಿಲ್ಲ. ಕತ್ತು ಡೊಂಕು ಅಂತಿದ್ರು, ಅಷ್ಟೇ. ಕಪ್ ಹೋದ್ರೆ ಹೋಗ್ತಿತ್ತು. ನಾಳೆ ಬಸುರಿ ಹೆಂಗಸ್ರು, ಸ್ಕೂಲ್ ಮಕ್ಳು, ಯಾರ್ ಹತ್ತಾರೆ ಒಕ್ಕಣ್ಣಿನ ಕುದ್ರೆ ಗಾಡೀಗೆ? ಮೈಕಾಗೆ ಹೇಳಿಬಿಟ್ರಲ್ರೀ!"

ಗೋಣೆಪ್ಪ ಕುದುರೆ ಬಿಚ್ಚಿಕೊಂಡು ಹೊರಟುಹೋದ.

ನ್ಯಾಮತಿಗೆ ಬಂದ ಮೇಲೆ ಅವರು ಊಟ ಬಿಟ್ಟರು ಅನ್ನುವಂತಿಲ್ಲ, ಆದರೆ ತಟ್ಟೆ ಮುಂದೆ ಇದ್ದಾಗಲೂ ಕಣ್ಣು ಬಾಗಿಲಲ್ಲೇ. ಎರಡು ದಿನ ಹೊಲಕ್ಕೂ ಬಸ್ ಸ್ಟ್ಯಾಂಡಿಗೂ ಸುಮ್ಮನೆ ತಿರುಗಿದರು. ಮೂರನೆಯ ದಿನ ಬಸ್ ಸ್ಟ್ಯಾಂಡಿನಿಂದ ವಾಪಸು ಬರಲಿಲ್ಲ. ಬಸ್ಸು ಹತ್ತಿ ದಾವಣಗೆರೆ, ಅಲ್ಲಿಂದ ಜಗಳೂರು.

ಜಗಳೂರಿನ ಬಸ್ ಸ್ಟ್ಯಾಂಡಿನ ಮುಂದೆ ಜಟಕಾಗಳು ಸಾಲಾಗಿ ನಿಂತಿದ್ದವು. ಜನ ಇಳಿದವರು ಇಳಿದಂತೆ ಒಂದೊಂದು ಗಾಡಿ ತುಂಬಿ ಹೋಗುತ್ತಿತ್ತು. ಗೋಣೆಪ್ಪನ ಗಾಡಿಗೆ ಮಾತ್ರ ಯಾರೂ ಬರಲಿಲ್ಲ. ಒಬ್ಬ ಹೆಂಗಸು ಹತ್ತಲು ಬಂದವಳು ಕುದುರೆಯ ಮುಖ ಬಗ್ಗಿ ನೋಡಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹಿಂದಿನ ಗಾಡಿಗೆ ಹೋದಳು. ದಫೇದಾರರು ಹೋಗಿ ಗೋಣೆಪ್ಪನ ಪಕ್ಕದಲ್ಲೇ, ಮುಂದುಗಡೆ ಎಲ್ಲರಿಗೂ ಕಾಣುವ ಹಾಗೆ ಹತ್ತಿ ಕೂತರು.

"ಇಳೀರಿ" ಎಂದ ಗೋಣೆಪ್ಪ.

"ಇಳಿಯಲ್ಲ. ಹೊಡಿ ಗಾಡಿ."

"ಎಲ್ಲಿಗೆ?"

"ಎಲ್ಲಿಗಾದ್ರೂ ಹೊಡಿ. ಕೆರೆ ತಂಕ ಹೊಡಿ, ಆಸ್ಪತ್ರೆ ತಂಕ ಹೊಡಿ. ನಾನು ಕುಂತಿರ್ತೀನಿ."

ಬಹಳ ಹೊತ್ತು ಗೋಣೆಪ್ಪ ಲಗಾಮು ಮುಟ್ಟಲಿಲ್ಲ. ಉಳಿದ ಜಟಕಾದವರು ನೋಡಿ ನಗತೊಡಗಿದ ಮೇಲೆ ನಾಚಿಕೆಗೋ ಸಿಟ್ಟಿಗೋ ನಾಲಿಗೆಯಲ್ಲಿ ಟಕ್ ಟಕ್ ಎನಿಸಿದ. ಕೆಂಚಿ ಹೊರಟಿತು.

ಹೆಂಡತಿಯ ತಂಗಿ ಭೀಮಕ್ಕನ ಮನೆ ಅದೇ ಊರಲ್ಲಿತ್ತು. ತಿಪ್ಪೇಶಪ್ಪನವರು ಅಲ್ಲಿ ಉಳಿದುಕೊಂಡರು. ಬೆಳಗಾದರೆ ಜಟಕಾದಲ್ಲಿ. ಕೆರೆಯಿಂದ ಸಂತೆಗೆ, ಸಂತೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಸ್ ಸ್ಟ್ಯಾಂಡಿಗೆ. ಗೋಣೆಪ್ಪ ಕುದುರೆಯ ಜೊತೆ ಮಾತ್ರ ಮಾತಾಡುತ್ತಿದ್ದ. ಎಡಕ್ಕೆ ಲಾರಿ ಐತೆ, ಎಡಕ್ಕೆ ಚರಂಡಿ ಐತೆ, ನಿಧಾನ ತಾಯಿ. ಹಿಂದಿನಿಂದ ಬಸ್ಸು ಹಾರನ್ ಹೊಡೆದರೆ ಬೇರೆ ಕುದುರೆಗಳು ಕಿವಿ ನಿಮಿರಿಸಿ ಅಡ್ಡಾದಿಡ್ಡಿಯಾಗುತ್ತಿದ್ದವು. ಕೆಂಚಿ ಯಜಮಾನನ ಮಾತಿಗೆ ಕಾಯುತ್ತಿತ್ತು.

ಮೊದಲು ಹತ್ತಿದವಳು ಹುಲಿಗೆಮ್ಮ ಎಂಬ ಮುದುಕಿ. ಮಂಡಿ ನೋವಿಗೆ ಆಸ್ಪತ್ರೆಗೆ ಹೋಗಬೇಕಿತ್ತು, ಬೇರೆ ಗಾಡಿ ಇರಲಿಲ್ಲ. ದಫೇದಾರರನ್ನು ಮೇಲಿಂದ ಕೆಳಗೆ ನೋಡಿ, "ಮುಂದ್ ಕುಂತಿರೋ ಈ ಮುದುಕಪ್ಪನೇ ಸತ್ತಿಲ್ಲ ಅಂದ್ಮೇಲೆ ನಾನ್ಯಾಕೆ ಸಾಯ್ಲಿ" ಎಂದು ಹತ್ತಿದಳು. ಗೋಣೆಪ್ಪನ ಮುಖದಲ್ಲಿ ಏನೋ ಸಡಿಲವಾಯಿತು. ನಗು ಎಂದು ಹೇಳಲಾಗದು.

ವಾರ ಕಳೆಯುವುದರೊಳಗೆ ಗಾದ್ರಮ್ಮ ಗಂಡನನ್ನು ಹುಡುಕಿಕೊಂಡು ಬಂದಳು. ಬಸ್ಸಿನಿಂದ ಇಳಿದವಳಿಗೆ ಎದುರಿಗೇ ಕಂಡರು.

"ಮನೇಲಿ ಒಂದ್ ಗಳಿಗೆ ಕೂರದ ಮನ್ಷ ಇಲ್ಲಿ ದಿನಾ ಗಾಡಿ ಮೇಲೆ ಕುಂತೀರಂತೆ. ಭೀಮಕ್ಕ ಹೇಳಿ ಕಳಿಸಿದ್ಲು" ಎಂದಳು. ಆಮೇಲೆ ಗೋಣೆಪ್ಪನ ಕಡೆ ತಿರುಗಿ, "ಇವ್ರು ಮಾಡಿದ್ದು ಗೊತ್ತಾತಪ್ಪ. ಒಳ್ಳೇದು ಮಾಡಾಕೆ ಹೋಗೋದು, ಹಿಂಗ್ ಮಾಡಿಟ್ಟು ಬರೋದು, ಮೊದ್ಲಿಂದ್ಲೂ ಹಿಂಗೇ. ಸರೀರಿ, ನಾನೂ ಹತ್ತಬೇಕು" ಎಂದು ಚೀಲ ಒಳಗಿಟ್ಟು ಕೂತಳು. ಅವಳು ದಾರಿಯುದ್ದಕ್ಕೂ ಕುದುರೆಯ ಬಗ್ಗೆ, ಗೋಣೆಪ್ಪನ ಮನೆಯ ಬಗ್ಗೆ ಕೇಳುತ್ತಲೇ ಇದ್ದಳು. ಅವನು ಒಂದೊಂದಕ್ಕೂ ಉತ್ತರ ಕೊಟ್ಟ.

ಜನ ಸ್ವಲ್ಪ ಸ್ವಲ್ಪವಾಗಿ ವಾಪಸಾದರು. ಎಲ್ಲರೂ ಬರಲಿಲ್ಲ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಕೆಲಸ ಗೋಣೆಪ್ಪನಿಗೆ ಮತ್ತೆ ಸಿಗಲೇ ಇಲ್ಲ. ಅದನ್ನು ಅವನು ಬಾಯಿ ಬಿಟ್ಟು ಆಡಲಿಲ್ಲ, ತಿಪ್ಪೇಶಪ್ಪನವರು ಮರೆಯಲೂ ಇಲ್ಲ. ಹೊರಡುವ ದಿನ ಬಸ್ಸಿನ ಕಿಟಕಿಯಿಂದ, "ಬರೋ ವರ್ಷ ಪಂದ್ಯಕ್ಕೆ ಚನ್ನಗಿರಿಗೆ ಬಾ" ಎಂದರು. "ನೋಡಾಣ" ಎಂದ ಗೋಣೆಪ್ಪ.

ಮಳೆಗಾಲ ಕಳೆದು ಸಮಿತಿ ಸೇರಿದಾಗ ದಫೇದಾರರು ಒಂದು ಮಾತು ಎತ್ತಿದರು. ಪಂದ್ಯಕ್ಕೆ ಮೊದಲು ತೀರ್ಪುಗಾರರು ಒಂದೊಂದು ಕುದುರೆಯನ್ನೂ ಹತ್ತಿರ ಹೋಗಿ ನೋಡಬೇಕು. ಹೆಡ್‌ಮಾಸ್ಟರು ಒಪ್ಪಲಿಲ್ಲ. "ಕುದುರೆಯ ಕಷ್ಟಸುಖ ತಿಳಿದುಬಿಟ್ಟರೆ ಆಮೇಲೆ ನಾವು ಕಷ್ಟಸುಖಕ್ಕೆ ಅಂಕ ಹಾಕ್ತೀವಿ ದಫೇದಾರ್ರೇ, ನಡೆಗಲ್ಲ. ಜಗಳೂರಲ್ಲಿ ಡಾಕ್ಟರು ಕೊಟ್ಟ ಒಂಬತ್ತು ಅದೇ ತಾನೆ?" ಎಂದರು. ಆ ಮಾತನ್ನು ತಳ್ಳಿಹಾಕುವುದು ತಿಪ್ಪೇಶಪ್ಪನವರಿಗೂ ಆಗಲಿಲ್ಲ, ಒಪ್ಪುವುದೂ ಆಗಲಿಲ್ಲ. ವಿಷಯ ಅಲ್ಲಿಗೇ ನಿಂತಿತು.

ಎಂಬತ್ತನಾಲ್ಕರ ಜನವರಿಯಲ್ಲಿ ಚನ್ನಗಿರಿಗೆ ಗೋಣೆಪ್ಪ ಬಂದ. ಕೆಂಚಿಯ ಕಣ್ಣಿನ ವಿಷಯ ನಾಲ್ಕೂ ಊರಿಗೆ ಹಬ್ಬಿತ್ತು. ಅದು ಚೌಕದೊಳಗೆ ಬಂದಾಗಲೇ ಜನ ಎದ್ದು ನಿಂತರು. ನೆಟ್ಟಗಿನ ನಡೆಗೆ ದಫೇದಾರರು ಎಂಟು ಒತ್ತಿದರು. ಕತ್ತನ್ನು ಬಿಟ್ಟು ಕಾಲನ್ನಷ್ಟೇ ನೋಡಿದ್ದರು. ಮೈದಾನ ಕುಣಿದಾಡಿತು. ಆಮೇಲೆ ಸುತ್ತು. ಅರ್ಧ ಸುತ್ತು ದಾಟಿದ ಮೇಲೆ ಕೆಂಚಿಯ ಹೆಜ್ಜೆ ಒಂದು ಕಡೆ ಮುರಿಯಿತು, ಮತ್ತೆ ಕೂಡಿತು. ಅವರ ಬೆರಳು ಗುಂಡಿಗಳ ಮೇಲೆ ಅಲೆದಾಡಿತು. ಸುತ್ತಲೂ ಸಾವಿರ ಕಣ್ಣು ಬೋರ್ಡಿನ ಮೇಲೆ. ಅವರು ಒತ್ತಿದರು.

ಒಂಬತ್ತು, ಒಂಬತ್ತು, ಐದು.

ಬಂದ ಬೈಗುಳ ಬರೆಯುವಂಥದ್ದಲ್ಲ. ಕಪ್ ಆ ಸಲವೂ ಗೋಣೆಪ್ಪನಿಗೆ ಸಿಗಲಿಲ್ಲ, ಎರಡನೇ ಬಹುಮಾನವೆಂದು ಹೊಸ ಜೀನು ಸಿಕ್ಕಿತು. ಅದನ್ನು ಹೆಗಲ ಮೇಲೆ ಹೊತ್ತುಕೊಂಡು, ಕುದುರೆಯನ್ನು ನಡೆಸಿಕೊಂಡು ಅವನು ನೇರ ಮೂರನೇ ಮೇಜಿಗೆ ಬಂದ.

"ಸುತ್ತಿಗೆ ಐದು ಯಾಕೆ ಹಾಕಿದ್ರಿ?"

"ಅರ್ಧ ಸುತ್ತು ಆದ್ಮೇಲೆ ಹೆಜ್ಜೆ ಮುರೀತು."

"ಮುರೀತು, ಹೌದು. ಅದು ಕುದ್ರೆ ತಪ್ಪಲ್ಲ. ನಾನು ಬೋರ್ಡ್ ಕಡೆ ನೋಡಿದೆ, ಅವಳಿಗೆ ಹೇಳೋ ಮಾತು ತಪ್ತು."

"ಹಂಗಾರೆ ಐದು ನಿಂದು ಅಂತ ಇಟ್ಕ."

"ಆರು ಹಾಕಬೋದಿತ್ತು."

"ಐದೇ."

"ಆರು ಬರ್ತಿತ್ರೀ. ಮುರಿದ್ರೂ ಎಷ್ಟ್ ಬೇಗ ಕೂಡಿಸ್ಕಂಡ್ಲು, ಅದಕ್ಕೇನೂ ಇಲ್ವಾ?"

ದಫೇದಾರರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಗೋಣೆಪ್ಪ ಕುದುರೆಯನ್ನು ಹಿಡಿದುಕೊಂಡ. ಶಿವಮೂರ್ತಪ್ಪ ಬೋರ್ಡಿನ ವೈರು ಸುತ್ತುತ್ತ ನೋಡುತ್ತಿದ್ದಂತೆ, ಇಬ್ಬರೂ ಐದು ಆರು ಎಂದು ಜಗಳವಾಡುತ್ತಲೇ ಕೆಂಚಿಯನ್ನು ನಡುವೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ರಸ್ತೆಯ ಚಹಾದಂಗಡಿ ಕಡೆಗೆ ಹೋದರು.